ಟ್ಯಾಂಕ್ ಖಾಲಿ ಆಗೋದಕ್ಕೂ ಮಕ್ಕಳ ಓದಿಗೂ ಏನ್ ಸಂಬಂಧ?

ಪ್ರಶ್ನೆ: ಸರ್, ನನ್ ಮಗ ಸೆಕೆಂಡ್ ಪಿಯುಸಿ ಸೈನ್ಸು, ಮಗಳು ಬಿಎ, ಹಿಸ್ಟರಿ ತಗೊಂಡಿದಾಳೆ. ಇಬ್ರಿಗೂ ಮಾರ್ಕ್ಸ್ ಚೆನ್ನಾಗೇ ಬರುತ್ತೆ. ಆದ್ರೆ ಒಂದು ತಿಂಗಳಿಂದ ಮನೆ ಮೇಲಿನ 1000 ಲೀಟ್ರು ಟ್ಯಾಂಕು ದಿನಾ ಖಾಲಿ ಆಗ್ತಿದೆ, ಏನಾಗಿದೆ ನೋಡ್ರೋ ಅಂದ್ರೆ "ಮೋಟ್ರು ಹಾಕಮ್ಮ" ಅಂತಾರೆ ಅಷ್ಟೆ. ನಮ್ಮೆಜಮಾನ್ರು ಮಗ ಅರ್ಧ ಗಂಟೆ ಸ್ನಾನ ಮಾಡ್ತಾನೆ ಅಂತ ಅವನ್ ಮೇಲೆ ರೇಗ್ತಾರೆ. ಓದಿದ್ದನ್ನ ದಿನದ ಸಮಸ್ಯೆಗೆ ಬಳಸೋದು ಇವ್ರಿಗೆ ಹೇಗ್ ಕಲಿಸೋದು? (ಒಬ್ಬ ತಾಯಿ, ಹಾಸನ)

ಉತ್ತರ: ಅಮ್ಮಾ, ಮೊದ್ಲು ಟ್ಯಾಂಕ್ ವಿಷಯ ಮುಗಿಸೋಣ, ಮಕ್ಕಳ ವಿಷಯ ಅದರ ಹಿಂದೇನೇ ಬರುತ್ತೆ. ಕಾರಣ ಮಗನ ಸ್ನಾನಾನೇ ಆಗಿದ್ರೆ ಎಲ್ರೂ ಮಲಗಿರೋ ಹೊತ್ತಲ್ಲಿ ಟ್ಯಾಂಕ್ ನೀರು ಒಂದಿಂಚೂ ಇಳೀಬಾರ್ದು ತಾನೆ? ಹಾಗಿದ್ರೆ ನೋಡೇಬಿಡೋಣ. ರಾತ್ರಿ 10ಕ್ಕೆ ಟ್ಯಾಂಕ್ ತುಂಬಿಸಿ ಮೋಟ್ರು ಆಫ್ ಮಾಡಿ, ಒಂದು ಕೋಲು ಇಳಿಸಿ ನೀರು ಎಲ್ಲಿವರೆಗಿದೆ ಗುರುತು ಹಾಕಿ, ಬೆಳಗ್ಗೆ 6ಕ್ಕೆ ಯಾರೂ ನಲ್ಲಿ ಮುಟ್ಟೋ ಮುಂಚೆ ಮತ್ತೆ ಇಳಿಸಿ ನೋಡಿ. ಕಾಲು ಭಾಗ ಇಳಿದಿದೆ ಅಂದ್ಕೊಳಿ, ಅಂದ್ರೆ 250 ಲೀಟ್ರು, 8 ಗಂಟೆಗೆ ಭಾಗಿಸಿದ್ರೆ ಗಂಟೆಗೆ 31 ಲೀಟ್ರು ಚಿಲ್ಲರೆ, ನಿಮಿಷಕ್ಕೆ ಹೆಚ್ಚುಕಮ್ಮಿ ಅರ್ಧ ಲೀಟ್ರು. ಇದು ತೊಟ್ಟಿಕ್ಕೋ ನಲ್ಲಿ ಕೆಲಸ ಅಲ್ಲ. ಸೆಕೆಂಡಿಗೊಂದು ಹನಿ ಬಿದ್ರೂ ಇಡೀ ದಿನಕ್ಕೆ ಇಪ್ಪತ್ತು ಮೂವತ್ತು ಲೀಟ್ರು ದಾಟಲ್ಲ. ನೋಡಿ, ಇನ್ನೂ ಪ್ಲಂಬರ್ ಬಂದಿಲ್ಲ, ಆಗ್ಲೇ ಮಗ ಖುಲಾಸೆ, ನಲ್ಲೀನೂ ಖುಲಾಸೆ.

ಮುಂದಿನ ರಾತ್ರಿ ಅಡುಗೆಮನೆ ಲೈನಿನ ವಾಲ್ವ್ ಬಂದ್ ಮಾಡಿ, ಅದರ ಮಾರನೇ ರಾತ್ರಿ ಬಾತ್‌ರೂಮ್ ಲೈನಿಂದು, ಯಾವ್ದನ್ನ ಬಂದ್ ಮಾಡಿದಾಗ ಇಳಿಯೋದು ನಿಲ್ಲುತ್ತೋ ಕಳ್ಳ ಆ ಕಡೆ. ಎರಡನ್ನೂ ಬಂದ್ ಮಾಡಿದ್ರೂ ಇಳೀತಿದ್ರೆ ಟ್ಯಾಂಕೇ ಸೀಳಿರಬೇಕು ಇಲ್ಲಾ ವಾಲ್ವ್ ಸರಿಯಾಗಿ ಕೂರ್ತಿಲ್ಲ. ಸೀಳಿದ್ರೆ ಇನ್ನೊಂದು ಮಜಾ ಇದೆ: ಬಿರುಕು ಇರೋ ಮಟ್ಟದವರೆಗೆ ಮಾತ್ರ ನೀರು ಇಳಿದು ಅಲ್ಲೇ ನಿಂತುಬಿಡುತ್ತೆ, ಜಾಗ ಅದೇ ತೋರಿಸ್ಕೊಡುತ್ತೆ.

ಇಷ್ಟೆಲ್ಲಾ ಬುದ್ಧಿ ಹೇಳೋ ನಾನು ನಮ್ಮನೇಲಿ ಏನ್ ಮಾಡಿದ್ದೆ ಗೊತ್ತಾ, ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದೋನು ಪ್ಲಂಬರ್ ಮಾತು ಕೇಳಿ ಬಾತ್‌ರೂಮ್ ಟೈಲ್ಸ್ ಒಡೆಸಿದ್ದೆ. ಒಳಗಡೆ ಪೈಪು ಒಣಗಿತ್ತು! ಕೊನೆಗೆ ಸಿಕ್ಕಿದ್ದು ಫ್ಲಶ್ ಟ್ಯಾಂಕಲ್ಲಿ. ಒಳಗಿನ ರಬ್ಬರು ಸವೆದು ಸದ್ದಿಲ್ದೆ ಕಮೋಡಿಗೆ ನೀರು ಹರೀತಿತ್ತು. ಬಟ್ಟೆಗೆ ಹಾಕೋ ನೀಲಿ ಎರಡು ಹನಿ ಫ್ಲಶ್ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಯಾರೂ ಫ್ಲಶ್ ಮಾಡ್ದಂಗೆ ನೋಡ್ಕೊಂಡ್ವಿ, ಕಮೋಡಲ್ಲಿ ನೀಲಿ ಬಂತು, ಮುಗೀತು ಕಥೆ.

ಈಗ ಮಗಳ ವಿಷಯ. ಹಿಸ್ಟರಿಗೂ ಇದಕ್ಕೂ ಏನು ಅಂತಾಳೇನೋ, ಅವಳಿಗೆ 1854ರ ಲಂಡನ್ ಕಾಲರಾ ಕಥೆ ಹೇಳಿ. ಸೋಹೋ ಏರಿಯಾದಲ್ಲಿ ಜನ ಸಾಯ್ತಿದ್ರು, ಕೆಟ್ಟ ಗಾಳಿಯಿಂದ ಅಂತ ಆಗಿನ ದೊಡ್ಡ ದೊಡ್ಡ ಡಾಕ್ಟ್ರುಗಳೇ ನಂಬಿದ್ರು. ಜಾನ್ ಸ್ನೋ ಅನ್ನೋ ಡಾಕ್ಟ್ರಿಗೆ ಬ್ರಾಡ್ ಸ್ಟ್ರೀಟಿನ ನೀರಿನ ಪಂಪ್ ಮೇಲೆ ಅನುಮಾನ. ಸತ್ತೋರ ಮನೆಗಳ ಲೆಕ್ಕ ಹಾಕಿದ್ದು ಎಲ್ರಿಗೂ ಗೊತ್ತು, ಆದ್ರೆ ನನಗೆ ಇಷ್ಟ ಆಗೋದು ಲೆಕ್ಕಕ್ಕೆ ಸಿಗದೇ ಇದ್ದೋರನ್ನ ಆತ ಬಿಡದೇ ಹುಡುಕಿದ್ದು. ಪಂಪ್ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆ ಕೆಲಸಗಾರರು ಯಾರೂ ಸತ್ತಿರ್ಲಿಲ್ಲ, ಅವ್ರು ಬಿಯರ್ ಕುಡೀತಿದ್ರು, ಜೊತೆಗೆ ಸ್ವಂತ ಬಾವಿ ಬೇರೆ ಇತ್ತು. ಅತ್ತ ಮೈಲಿಗಟ್ಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತಿದ್ಲು, ರುಚಿ ಇಷ್ಟ ಅಂತ ಆ ಪಂಪಿನ ನೀರನ್ನೇ ತರಿಸ್ಕೊಂಡು ಕುಡೀತಿದ್ದಳಂತೆ. ಗಾಳಿ ಕಾರಣ ಆಗಿದ್ರೆ ಸಾಯಬೇಕಾದೋರು ಪಕ್ಕದವ್ರು, ಬದುಕಬೇಕಾದೋಳು ದೂರದವಳು. ಸ್ನೋ ಮಾತು ಕೇಳಿ ಆ ಪಂಪಿನ ಹ್ಯಾಂಡಲ್ ಕಿತ್ತುಹಾಕಿದ್ರು. ಅದಕ್ಕೇ ರೋಗ ನಿಂತ್ಹೋಯ್ತು ಅಂತ ಎಲ್ಲಾ ಕಡೆ ಬರೀತಾರೆ, ಆದ್ರೆ ಅಷ್ಟೊತ್ತಿಗೆ ರೋಗ ಇಳೀತಾ ಇತ್ತು, ಸ್ನೋ ಅವ್ರೇ ಒಪ್ಕೊಂಡಿದ್ರು. ನಿಮ್ಮ ಟ್ಯಾಂಕಿಗೆ ಕೇಳಿದ ಪ್ರಶ್ನೆ, ಈತ ಕೇಳಿದ ಪ್ರಶ್ನೆ ಒಂದೇ: ಇದೇ ಕಾರಣ ಆಗಿದ್ರೆ ಇನ್ನೇನು ಕಾಣಬೇಕಿತ್ತು, ಏನು ಕಾಣಬಾರ್ದಿತ್ತು?

ವಾಟ್ಸಾಪ್ ಫಾರ್ವರ್ಡಿಗೂ ಇದನ್ನೇ ಕೇಳಿಸಿ. "ಹೊಯ್ಸಳರ ಕಾಲದಲ್ಲೇ ಬ್ಯಾಡಗಿ ಮೆಣಸಿನಕಾಯಿ ಚಟ್ನಿ" ಅಂತ ಬಂದ್ರೆ, ಮೆಣಸಿನಕಾಯಿ ಅಮೆರಿಕಾ ಖಂಡದ ಗಿಡ, ವಾಸ್ಕೋ ಡ ಗಾಮ ಕೇರಳಕ್ಕೆ ಬಂದಿದ್ದೇ 1498ರಲ್ಲಿ, ಪೋರ್ಚುಗೀಸರು ಅದನ್ನ ತಂದಿದ್ದು ಆಮೇಲೆ. ಹೊಯ್ಸಳರು ಅಷ್ಟೊತ್ತಿಗೆ ಹೋಗಿ ನೂರೈವತ್ತು ವರ್ಷ ಆಗಿತ್ತು. ಹೆಸರೇ ನೋಡಿ, ಮೆಣಸು ಮೊದ್ಲಿತ್ತು, ಆಮೇಲೆ ಬಂದಿದ್ದು ಮೆಣಸಿನ"ಕಾಯಿ". ಕರಾವಳಿ ಕಡೆ ಇವತ್ತಿಗೂ ಕಾಳುಮೆಣಸಿಗೆ ಒಳ್ಳೆಮೆಣಸು ಅಂತಾರಲ್ಲ.

ಗಣಿತಕ್ಕೆ ಸಾಲದ ಚೀಟಿ ಕೊಡಿ. 1 ಲಕ್ಷ ಸಾಲ, 10% ಫ್ಲ್ಯಾಟ್ ಬಡ್ಡಿ, ಎರಡು ವರ್ಷ. ಬಡ್ಡಿ 20,000, ತಿಂಗಳಿಗೆ 5,000 ಕಂತು, ಕೇಳೋಕೆ ಸಲೀಸು. ನಿಜಕ್ಕೂ 10% ಆಗಿದ್ರೆ ಅಸಲು ತೀರಿದ ಹಾಗೆ ಬಡ್ಡೀನೂ ಇಳೀಬೇಕಿತ್ತು, ಇಲ್ಲಿ ಕೊನೇ ತಿಂಗಳೂ ಪೂರ್ತಿ ಲಕ್ಷದ ಮೇಲೇ ಹಾಕಿದಾರೆ. ಬ್ಯಾಂಕಿನ ಇಳಿಯೋ ಬಾಕಿ ಲೆಕ್ಕಕ್ಕೆ ಹಾಕಿದ್ರೆ ಇದು 18% ದಾಟುತ್ತೆ. ಮಗ ಇದನ್ನ ಒಂದ್ಸಲ ಕೂತು ಮಾಡ್ಲಿ, ನಾಳೆ ಬೈಕ್ ಶೋರೂಮಲ್ಲಿ ಯಾರೂ ಟೋಪಿ ಹಾಕಕ್ಕಾಗಲ್ಲ.

ಒಂದೇ ಮಾತು ಬಿಡಿ ನೀವು, "ಇದು ಯಾವ ಚಾಪ್ಟರ್ರು" ಅಂತ ಕೇಳ್ಬೇಡಿ. ಚಾಪ್ಟರ್ ಹೆಸರು ಗೊತ್ತಾದ ತಕ್ಷಣ ಮಕ್ಕಳು ಫಾರ್ಮುಲಾ ಹುಡುಕ್ತಾರೆ, ಕಣ್ಣ ಮುಂದಿರೋ ಟ್ಯಾಂಕ್ ನೋಡಲ್ಲ. ಇವತ್ತು ರಾತ್ರೀನೇ ಮಗನ ಕೈಗೆ ಕೋಲು, ಮಗಳ ಕೈಗೆ ನೋಟ್‌ಬುಕ್ ಕೊಟ್ಟು ಟೆರೇಸಿಗೆ ಕಳ್ಸಿ, ಅಳತೆ ಆದ್ಮೇಲೆ ಮುಚ್ಚಳ ಸರಿಯಾಗಿ ಹಾಕೋಕೆ ಹೇಳಿ, ಇಲ್ದಿದ್ರೆ ಸೊಳ್ಳೆ ಮೊಟ್ಟೆ ಇಡುತ್ತೆ.