ನಿಮ್ಮ ಹುಳು ಆರನೇ ಪುಟದಲ್ಲಿ ಸಿಕ್ಕಿತು

ನಮಸ್ಕಾರ. ನೀವು ಕಳಿಸಿದ ‘ಜೀವವಿಜ್ಞಾನದಲ್ಲಿ ಅತ್ಯಾಧುನಿಕ ಸೂಕ್ಷ್ಮದರ್ಶನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಆರನೇ ಪುಟದಲ್ಲಿ ನಾಲ್ಕು ಸಾಲು ಇವೆ. ಅವನ್ನು ಬರೆದವರಿಗೆ ಇಡೀ ಲೇಖನವನ್ನೂ ಹಾಗೇ ಬರೆಯುವ ಶಕ್ತಿ ಇದೆ.

ಪ್ರಾಜೆಕ್ಟ್‌ಗೆ ಹೋದ ಲ್ಯಾಬಿನಲ್ಲಿ ನಿಮ್ಮ ಮೊದಲ ದಿನ. ಅಗರ್ ಪ್ಲೇಟ್ ಮೇಲೆ ಒಂದು ಮಿಲಿಮೀಟರ್ ಉದ್ದದ ಹುಳು, ಸಿ. ಎಲೆಗನ್ಸ್, ಬ್ಯಾಕ್ಟೀರಿಯಾ ಮೇಯುತ್ತಾ ಬಳುಕಿಕೊಂಡು ಹೋಗುತ್ತಿತ್ತು. ನೀವು ನೀಲಿ ಬೆಳಕು ಹಾಕಿದ ಕೂಡಲೇ ನಿಂತಿತು, ತಲೆ ಹಿಂದಕ್ಕೆಳೆದುಕೊಂಡಿತು, ಹಿಂದೆ ಹಿಂದೆ ಸರಿದು ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ‘ಕಣ್ಣೇ ಇಲ್ಲದ ಹುಳುವಿಗೆ ಬೆಳಕು ಹೇಗೆ ಗೊತ್ತಾಯಿತು ಅಂತ ಕೇಳಿದೆ’ ಎಂದು ಬರೆದಿದ್ದೀರಿ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಇದಕ್ಕೆ ಮೊದಲಿನ ಐದು ಪುಟವನ್ನು ತೆಗೆದುಬಿಡಿ.

ನೋವಾಗುತ್ತದೆ, ಗೊತ್ತು. ಆದರೆ ಆ ಐದು ಪುಟದಲ್ಲಿ ಇರುವುದೇನು? ಲೆನ್ಸ್, ಲೇಸರ್, ಕ್ಯಾಮೆರಾ, ಪಿಕ್ಸೆಲ್. ‘ಕ್ರಾಂತಿಕಾರಿ’ ಅನ್ನುವ ಪದ ಹನ್ನೊಂದು ಸಲ ಬಂದಿದೆ. ಓದುಗರಿಗೆ ಒಂದು ಜೀವವೂ ಕಾಣುವುದಿಲ್ಲ. ಜಾಸ್ತಿ ದೊಡ್ಡದು ಮಾಡಿ ತೋರಿಸುವ ಮೈಕ್ರೋಸ್ಕೋಪ್ ಒಳ್ಳೆಯದು ಅನ್ನುವ ಭಾವನೆಯೊಂದೇ ಉಳಿಯುತ್ತದೆ, ಅದೂ ತಪ್ಪು. ಚಿಕ್ಕ ಜೀವಿಗಳ ವಿಷಯದಲ್ಲಿ ಕಷ್ಟ ಇರುವುದು ದೊಡ್ಡದು ಮಾಡುವುದರಲ್ಲಿ ಅಲ್ಲ. ನೋಡಲು ಬೆಳಕು ಬೇಕು, ಆ ಬೆಳಕೇ ಜೀವಕ್ಕೆ ಪೆಟ್ಟು. ನಿಮ್ಮ ಹುಳು ಹಿಂದೆ ಸರಿದು ಇದನ್ನೇ ಹೇಳಿತಲ್ವಾ?

ಮತ್ತೆ, ಪ್ರಶ್ನೆ ಕೇಳಿ ಉತ್ತರ ಬಿಟ್ಟುಬಿಟ್ಟಿದ್ದೀರಿ. ಉತ್ತರ ಇದೆ. ಈ ಹುಳುವಿನ ಕೆಲವು ನರಕೋಶಗಳಲ್ಲಿ ನೀಲಿ ಮತ್ತು ಅತಿನೇರಳೆ ಬೆಳಕನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಅದರ ಜೀನಿಗೆ ಲೈಟ್-1 ಅಂತ ಹೆಸರು, 2008ರಲ್ಲಿ ಪತ್ತೆಯಾಯಿತು. ಅದನ್ನು ಹಾಕಿ. ಅಲ್ಲಿಂದ ಹಿಂದಕ್ಕೆ ಹೋಗಿ.

ಹಿಂದಕ್ಕೆ ಅಂದರೆ ಇದೇ ಹುಳುವಿನ ಮೇಲೆ ಕೆಲಸ ಮಾಡಿದ ವಿಜ್ಞಾನಿ ಜಾನ್ ಸಲ್ಸ್ಟನ್ ಹತ್ತಿರ. ನೀವು ಅವರಿಗೆ ಒಂದೇ ಸಾಲು ಕೊಟ್ಟಿದ್ದೀರಿ, ‘2002ರಲ್ಲಿ ನೊಬೆಲ್ ಪಡೆದರು’ ಅಂತ. ಬ್ರೆನರ್, ಹಾರ್ವಿಟ್ಜ್ ಜೊತೆ ಪಡೆದರು, ಸರಿ. ಆದರೆ ಆ ಮನುಷ್ಯ ಮಾಡಿದ್ದೇನು? ಕೇಂಬ್ರಿಜ್‌ನ ಚಿಕ್ಕ ಕೋಣೆಯಲ್ಲಿ ದಿನಕ್ಕೆ ಎರಡು ಸರದಿ, ಒಂದೊಂದು ಸರದಿ ನಾಲ್ಕು ಗಂಟೆ, ಹೀಗೆ ಸುಮಾರು ಒಂದೂವರೆ ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತು, ಹುಳುವಿನ ಮೊಟ್ಟೆಯೊಳಗೆ ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಯಾವುದು ಎಲ್ಲಿಗೆ ಸರಿಯಿತು, ಯಾವುದು ಸತ್ತಿತು ಅನ್ನುವುದನ್ನೆಲ್ಲ ಕೈಯಲ್ಲೇ ಬರೆದುಕೊಂಡರು. ಮೊಟ್ಟೆ ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಬಳಸಿದ್ದು ನೊಮಾರ್ಸ್ಕಿ ಎನ್ನುವ ವಿಧಾನ, ಬಣ್ಣ ಹಾಕುವುದಿಲ್ಲ, ಗಾಜಿನಂಥ ದೇಹದ ಒಳಗಿನ ಅಂಚುಗಳೇ ಉಬ್ಬುಚಿತ್ರದ ಹಾಗೆ ಎದ್ದು ಕಾಣುತ್ತವೆ. 1983ರಲ್ಲಿ ಸಹೋದ್ಯೋಗಿಗಳ ಜೊತೆ ಆ ಕೋಶಗಳ ವಂಶವೃಕ್ಷ ಪ್ರಕಟಿಸಿದರು. ಯಾವ ಹುಳು ತೆಗೆದುಕೊಂಡರೂ ಹೆಚ್ಚುಕಡಿಮೆ ಅದೇ ಕ್ರಮ! ನನಗೆ ಇದನ್ನು ಓದುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ನಿಮಗೂ ಹಾಗಾಗಿದ್ದರೆ ಅದು ಲೇಖನದಲ್ಲಿ ಕಾಣಬೇಕು.

ಇಲ್ಲೇ ಒಂದು ತಪ್ಪು ತಿದ್ದಿಕೊಳ್ಳಿ. ‘ಹುಳುವಿನ ದೇಹದಲ್ಲಿ 302 ಜೀವಕೋಶಗಳು’ ಅಂತ ಬರೆದಿದ್ದೀರಿ. 302 ಅನ್ನುವುದು ನರಕೋಶಗಳ ಲೆಕ್ಕ. ಬೆಳೆದ ದ್ವಿಲಿಂಗಿ ಹುಳುವಿನಲ್ಲಿ, ಸಂತಾನಕ್ಕೆ ಸಂಬಂಧಿಸಿದ ಕೋಶ ಬಿಟ್ಟು, ಒಟ್ಟು 959.

ಆಮೇಲೆ ಹಸಿರು ಪ್ರೋಟೀನ್ ಬರುತ್ತದೆ. 1994ರಲ್ಲಿ ಮಾರ್ಟಿನ್ ಚಾಲ್ಫಿ ತಂಡದವರು ಅಂಬಲಿ ಮೀನಿನ (ಜೆಲ್ಲಿಫಿಶ್) ಆ ಹಸಿರು ಪ್ರೋಟೀನಿನ, ಅಂದರೆ ಜಿಎಫ್‌ಪಿಯ, ಜೀನನ್ನು ಇದೇ ಹುಳುವಿಗೆ ಹಾಕಿ, ಸ್ಪರ್ಶ ತಿಳಿಯುವ ನರಕೋಶಗಳು ಹಸಿರಾಗಿ ಹೊಳೆಯುವಂತೆ ಮಾಡಿದರು. ಬೇಕಾದ ಕೋಶಕ್ಕೆ ಮಾತ್ರ ದೀಪ ಹಚ್ಚಿದ ಹಾಗೆ. ಆದರೆ ಹಸಿರು ಹೊಳೆಯಬೇಕಾದರೆ ನೀಲಿ ಬೆಳಕು ಬೀಳಬೇಕು. ನೋಡಿ, ನಿಮ್ಮ ಹುಳುವಿನ ಹತ್ತಿರವೇ ಬಂದೆವು.

ಪದರ ಪದರವಾಗಿ ನೋಡುವ ಕಾನ್ಫೋಕಲ್ ಮೈಕ್ರೋಸ್ಕೋಪ್ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ, ಮುಖ್ಯ ವಿಷಯ ತಪ್ಪಿಹೋಗಿದೆ. ಅದು ಒಂದು ಪದರ ನೋಡುವಾಗಲೂ ಬೆಳಕು ಇಡೀ ದಪ್ಪವನ್ನು ಹಾದುಹೋಗುತ್ತದೆ. ಬೇಡದ ಪದರದಿಂದ ಬಂದ ಬೆಳಕನ್ನು ಚಿಕ್ಕ ರಂಧ್ರವೊಂದು ತಡೆಯುತ್ತದೆ ಅಷ್ಟೇ. ಭ್ರೂಣವನ್ನು ಐವತ್ತು ಪದರವಾಗಿ ನೋಡಿದರೆ ಒಂದೊಂದು ಪದರವೂ ಐವತ್ತು ಸಲ ಬೆಳಕು ತಿನ್ನುತ್ತದೆ. ಹೊಳಪು ಮಾಸುತ್ತದೆ, ಕೋಶ ಸಾಯಲೂಬಹುದು.

ಲೈಟ್ ಶೀಟ್ ಮೈಕ್ರೋಸ್ಕೋಪ್ ಬಂದದ್ದು ಈ ಕಷ್ಟ ನೀಗಲು. ಅದರ ಬಗ್ಗೆ ‘ಪ್ರತಿದೀಪ್ತಿ ಪ್ರಕಾಶಫಲಕ ಸೂಕ್ಷ್ಮದರ್ಶನವು ಸಮತಲೀಯ ಪ್ರದೀಪನದಿಂದ ಕಾರ್ಯನಿರ್ವಹಿಸುತ್ತದೆ’ ಅಂತ ಬರೆದಿದ್ದೀರಿ. ನಿಮ್ಮ ಲ್ಯಾಬಿನಲ್ಲಿ ಯಾರಾದರೂ ಹೀಗೆ ಮಾತಾಡಿದ್ದನ್ನು ಕೇಳಿದ್ದೀರಾ? ಹಗಲು ಹೊತ್ತು ಕತ್ತಲ ಕೋಣೆಯಲ್ಲಿ ಕೂತು ಬಾಗಿಲನ್ನು ಕೂದಲೆಳೆಯಷ್ಟು ತೆರೆಯಿರಿ. ಸಂದಿಯಿಂದ ಬಿಸಿಲು ಹಾಳೆಯ ಹಾಗೆ ಒಳಗೆ ಬರುತ್ತದೆ. ಪಕ್ಕದಿಂದ ನೋಡಿದರೆ ಆ ಹಾಳೆಯಲ್ಲಿ ಸಿಕ್ಕ ಧೂಳಿನ ಕಣ ಮಾತ್ರ ಮಿನುಗುತ್ತವೆ, ಉಳಿದ ಕೋಣೆ ಕತ್ತಲೆ. ಲೈಟ್ ಶೀಟ್ ಅಂದರೆ ಇದೇ. ಬೆಳಕು ಒಂದು ಬದಿಯಿಂದ, ನೋಡುವ ಲೆನ್ಸ್ ಅದಕ್ಕೆ ಲಂಬವಾಗಿ. ನೋಡುತ್ತಿರುವ ಪದರಕ್ಕೆ ಮಾತ್ರ ಬೆಳಕು, ಐವತ್ತು ಪದರ ನೋಡಿದರೂ ಒಂದೊಂದಕ್ಕೆ ಒಂದೇ ಸಲ. ಬದಿಯಿಂದ ಬೆಳಕು ಬಿಡುವ ಯೋಚನೆ ಹಳೆಯದು, 1903ರಲ್ಲೇ ಸೀಡೆನ್‌ಟಾಪ್ಫ್ ಮತ್ತು ಜಿಗ್ಮಂಡಿ ಗಾಜಿನೊಳಗಿನ ಚಿನ್ನದ ಕಣ ನೋಡಲು ಬಳಸಿದ್ದರು. ಜೀವಂತ ಭ್ರೂಣಗಳಿಗೆ ಒಗ್ಗುವಂತೆ ಅದನ್ನು 2004ರಲ್ಲಿ ತೋರಿಸಿದ್ದು ಹೈಡೆಲ್‌ಬರ್ಗ್‌ನ ಎಂಬಲ್ (ಯುರೋಪಿನ ಅಣು ಜೀವವಿಜ್ಞಾನ ಪ್ರಯೋಗಾಲಯ) ಸಂಸ್ಥೆಯ ಹ್ಯೂಸ್ಕನ್, ಸ್ಟೆಲ್ಸರ್ ಮತ್ತು ಅವರ ಜೊತೆಗಾರರು. 2008ರ ಹೊತ್ತಿಗೆ ಅಲ್ಲಿಯೇ ಜೀಬ್ರಾ ಮೀನಿನ ಭ್ರೂಣ ಮೊದಲ 24 ಗಂಟೆ ಹೇಗೆ ಬೆಳೆಯುತ್ತದೆ ಅನ್ನುವುದನ್ನು ಕೋಶ ಕೋಶವಾಗಿ ಹಿಂಬಾಲಿಸಿದರು. ಸಲ್ಸ್ಟನ್ ಕಣ್ಣು ಮತ್ತು ಕೈಯಿಂದ ಮಾಡಿದ ಕೆಲಸವನ್ನು ಇಲ್ಲಿ ಕ್ಯಾಮೆರಾ ಮತ್ತು ಕಂಪ್ಯೂಟರ್ ಮಾಡಿದವು.

ಇದರಲ್ಲಿ ಸಾಮಾನ್ಯವಾಗಿ ಮಾಮೂಲಿ ಸ್ಲೈಡ್ ಬಳಸುವುದಿಲ್ಲ. ಭ್ರೂಣವನ್ನು ಅಗರೋಸ್ ಜೆಲ್ಲಿಯ ಕಡ್ಡಿಯೊಳಗೆ ಸೇರಿಸಿ ನೀರಿನಲ್ಲಿ ಇಳಿಬಿಟ್ಟು ತಿರುಗಿಸುತ್ತಾರೆ. ಜೆಲ್ಲಿ ಬಿಸಿಯಾಗಿದ್ದರೆ ಭ್ರೂಣ ಸಾಯುತ್ತದೆ, ಪೂರಾ ತಣ್ಣಗಾದರೆ ಒಳಗೆ ಸೇರುವುದೇ ಇಲ್ಲ. ನೀವು ಇದನ್ನು ಕೈಯಾರೆ ಮಾಡಿದ್ದೀರಿ ಅಂತ ನಿಮ್ಮ ಪರಿಚಯದ ಸಾಲಿನಲ್ಲಿದೆ. ಲೇಖನದಲ್ಲಿ ಯಾಕಿಲ್ಲ? ಎಷ್ಟು ಕಡ್ಡಿ ಹಾಳಾದವು, ಬೆರಳಿಗೆ ಹದ ಯಾವಾಗ ಸಿಕ್ಕಿತು, ಬರೆಯಿರಿ. ಅದು ಓದುಗರಿಗೆ ಬೇರೆಲ್ಲೂ ಸಿಗುವುದಿಲ್ಲ.

ಇನ್ನೊಂದು ತಪ್ಪು. ‘ವಿದೇಶಿ ಜೀಬ್ರಾ ಮೀನು’ ಅಲ್ಲ, ಅದು ನಮ್ಮ ಉಪಖಂಡದ ಹೊಳೆ, ಗದ್ದೆಗಳ ಮೀನು. ಗಂಗೆಯ ಮೀನುಗಳ ಮೇಲಿನ 1822ರ ಪುಸ್ತಕದಲ್ಲಿ ಅದನ್ನು ಮೊದಲು ವಿವರಿಸಿದ್ದು ಫ್ರಾನ್ಸಿಸ್ ಹ್ಯಾಮಿಲ್ಟನ್. ಆಗಿನ್ನೂ ಬುಕನನ್ ಅನ್ನುವ ಹೆಸರಲ್ಲಿದ್ದ ಅವರೇ, ಟಿಪ್ಪು ಸತ್ತ ಮರುವರ್ಷ 1800ರಲ್ಲಿ ಮೈಸೂರು ಸೀಮೆ ಸುತ್ತಿ ಬೆಳೆ, ಕಸುಬು, ಜಾತ್ರೆ ಎಲ್ಲ ಬರೆದಿಟ್ಟವರು. ಬುಕನನ್ ಹೆಸರು ಗೊತ್ತಿರುವ ಕನ್ನಡಿಗರು ಎಷ್ಟು ಜನ! ಎರಡು ಸಾಲು ಸಾಕು, ಮೀನು ಹತ್ತಿರವಾಗುತ್ತದೆ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರನೇ ಪುಟದ ಕನ್ನಡ ನಿಮ್ಮದು, ಉಳಿದದ್ದು ಇಂಗ್ಲಿಷ್ ಪುಸ್ತಕದ್ದು. ಪ್ರತಿದೀಪ್ತಿಗೆ ಲ್ಯಾಬಿನಲ್ಲಿ ಫ್ಲೋರೆಸೆನ್ಸ್ ಅನ್ನುತ್ತೀರಿ, ಹಾಗೇ ಬರೆಯಿರಿ, ಒಂದು ಸಲ ಅರ್ಥ ಬಿಡಿಸಿ ಹೇಳಿದರೆ ಆಯಿತು.

ಸಾವಿರದ ಇನ್ನೂರು ಪದದೊಳಗೆ ಮುಗಿಸಿ ಮತ್ತೆ ಕಳಿಸಿ, ನಾನೇ ಓದುತ್ತೇನೆ. ಒಂದು ಮಾತ್ರ ಕೇಳಬೇಕಿತ್ತು. ನೀಲಿ ಬೆಳಕು ಆರಿಸಿದ ಮೇಲೆ ಆ ಹುಳು ಮತ್ತೆ ಮೇಯಲು ಬಂತಾ? ನೀವು ಬರೆದಿಲ್ಲ.