ತೆರೆಯ ಮೇಲಿನ ಬೀದಿ ಹುಡುಗನ ಜೇಬಿನಲ್ಲಿ ಎಷ್ಟು ದುಡ್ಡಿದೆ?

ಮನೆ ಬಿಟ್ಟು ಬಂದು ಮೆಜೆಸ್ಟಿಕ್ ಸುತ್ತಮುತ್ತ ಬದುಕುವ ಹುಡುಗನ ಬಗ್ಗೆ ಕಿರುಚಿತ್ರ ಮಾಡಬೇಕೆಂದಿದ್ದೀರಿ. ಬೀದಿ ಮಕ್ಕಳ ಕುರಿತ ಯಾವ ಸಿನಿಮಾಗಳು ನಿಜಕ್ಕೆ ಹತ್ತಿರವಾಗಿವೆ, ಮೊದಲು ಯಾವುದನ್ನು ನೋಡಬೇಕು ಎಂದು ಕೇಳಿದ್ದೀರಿ. ನಾನು ಚಿತ್ರರಂಗದವನಲ್ಲ. ರೈಲಿನಿಂದ ಒಂಟಿಯಾಗಿ ಬಂದಿಳಿಯುವ ಮಕ್ಕಳನ್ನು ಮಾತನಾಡಿಸುವ ಕೆಲಸವನ್ನು ಕೆಲವು ವರ್ಷ ಮಾಡಿದವನು, ಜೊತೆಗೆ ಸಿನಿಮಾ ಹುಚ್ಚಿನವನು. ಹಾಗಾಗಿ ನನ್ನ ಅಳತೆಗೋಲು ಸ್ವಲ್ಪ ವಿಚಿತ್ರವಾದದ್ದು. ತೆರೆಯ ಮೇಲಿನ ಹುಡುಗನ ಜೇಬಿನಲ್ಲಿ ಈಗ ಎಷ್ಟು ದುಡ್ಡಿದೆ, ರಾತ್ರಿ ಮಲಗುವಾಗ ಅದನ್ನು ಎಲ್ಲಿ ಬಚ್ಚಿಡುತ್ತಾನೆ ಎನ್ನುವುದು ನಿರ್ದೇಶಕರಿಗೆ ಗೊತ್ತಿದೆಯೇ ಎಂದು ನೋಡುತ್ತೇನೆ. ಗೊತ್ತಿಲ್ಲದಿದ್ದರೆ ಮುಖಕ್ಕೆ ಮಸಿ ಬಳಿದು ಒಂದು ಮಗುವನ್ನು ನಿಲ್ಲಿಸಿದ್ದಾರೆ ಎಂದುಕೊಳ್ಳುತ್ತೇನೆ.

ಯಾಕೆಂದರೆ ಬೀದಿಯಲ್ಲಿರುವ ಮಗು ಮೊದಲಿಗೆ ಒಬ್ಬ ದುಡಿಮೆಗಾರ. ಖಾಲಿ ನೀರಿನ ಬಾಟಲಿ ಆಯ್ದು ಗುಜರಿ ಅಂಗಡಿಗೆ ಹಾಕುವುದು, ಹೋಟೆಲಿನಲ್ಲಿ ಲೋಟ ತೊಳೆಯುವುದು, ಛತ್ರಗಳಲ್ಲಿ ಎಲೆ ಎತ್ತುವುದು, ಹೀಗೆ ದಿನಕ್ಕೊಂದು ಕೆಲಸ. ಸಂಜೆಗೆ ಕೈಯಲ್ಲಿ ದುಡ್ಡು ಉಳಿದರೆ ರಾತ್ರಿ ದೊಡ್ಡ ಹುಡುಗರು ಕಿತ್ತುಕೊಳ್ಳುತ್ತಾರೆ. ಆದ್ದರಿಂದ ಕತ್ತಲಾಗುವುದರೊಳಗೆ ಊಟ, ಸಿನಿಮಾ, ನಶೆಗಾಗಿ ಮೂಸುವ ಪಂಕ್ಚರ್ ಸೊಲ್ಯೂಷನ್ ಎಂದು ಎಲ್ಲವನ್ನೂ ಖರ್ಚು ಮಾಡಿ ಮುಗಿಸುತ್ತಾರೆ. ಹೊರಗಿನವರು ಇದನ್ನು ದುಂದು ಎನ್ನುತ್ತಾರೆ. ಇಟ್ಟುಕೊಂಡರೆ ಕಳೆದುಹೋಗುವ ಹಣವನ್ನು ತಿಂದು ಮುಗಿಸುವುದರಲ್ಲಿ ದುಂದೆಲ್ಲಿಂದ ಬಂತು?

ಈ ಲೆಕ್ಕ ಗೊತ್ತಿರುವ ಸಿನಿಮಾ ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988). ಚೊಚ್ಚಲ ಚಿತ್ರಕ್ಕೆ ಕೊಡುವ ಪ್ರಶಸ್ತಿ ಕಾನ್ ಉತ್ಸವದಲ್ಲಿ ಸಿಕ್ಕಿತು, ಆಸ್ಕರ್‌ಗೂ ನಾಮನಿರ್ದೇಶನವಾಯಿತು ಎನ್ನುವುದೆಲ್ಲ ಇರಲಿ. ಇಡೀ ಕಥೆ ನಿಂತಿರುವುದು 500 ರೂಪಾಯಿಯ ಮೇಲೆ. ಅಣ್ಣನ ಬೈಕಿಗೆ ಬೆಂಕಿ ಹಚ್ಚಿದ ಕೃಷ್ಣನನ್ನು, ಅಷ್ಟು ದುಡಿದ ಮೇಲೆಯೇ ಮನೆಗೆ ಬಾ ಎಂದು ತಾಯಿ ಸರ್ಕಸ್‌ಗೆ ಬಿಟ್ಟುಹೋಗಿರುತ್ತಾಳೆ. ಅವನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಸರ್ಕಸ್ಸೇ ಡೇರೆ ಕಿತ್ತು ಹೊರಟುಹೋಗುತ್ತದೆ. ಮುಂಬೈಗೆ ಬಂದು ಗ್ರಾಂಟ್ ರೋಡ್ ಕಡೆಯ ಸೂಳೆಗೇರಿಯಲ್ಲಿ ಚಹಾ ಹಂಚುವ ‘ಚಾಯ್‌ಪಾವ್’ ಆಗುತ್ತಾನೆ, ಕೋಳಿ ಅಂಗಡಿಯಲ್ಲಿ ದುಡಿಯುತ್ತಾನೆ, ಮದುವೆಯಲ್ಲಿ ಬಡಿಸುತ್ತಾನೆ. ಕೂಡಿಟ್ಟ ದುಡ್ಡನ್ನು ಕದಿಯುವವನು ಅವನನ್ನು ತಮ್ಮನಂತೆ ನೋಡಿಕೊಂಡ ‘ಚಿಲ್ಲಮ್’ ಎಂಬ ಹುಡುಗನೇ. ನಶೆಗೆ ಬಿದ್ದ ಗೆಳೆಯ. ಇಲ್ಲಿ ನಿರ್ದೇಶಕಿ ಯಾರನ್ನೂ ಖಳನನ್ನಾಗಿ ಮಾಡುವುದಿಲ್ಲ, ಅದು ದೊಡ್ಡ ಮಾತು.

ಪತ್ರ ಬರೆಸುವ ದೃಶ್ಯವನ್ನು ನೀವು ಎರಡು ಸಲ ನೋಡಿ. ಕೃಷ್ಣ ದುಡ್ಡು ಕೊಟ್ಟು ಬೀದಿಬದಿಯ ಪತ್ರ ಬರೆಯುವವನಿಂದ ಅಮ್ಮನಿಗೆ ಕಾಗದ ಬರೆಸುತ್ತಾನೆ. ವಿಳಾಸ ಕೇಳಿದರೆ ಸರಿಯಾಗಿ ಹೇಳಲು ಬಾರದು. ಹುಡುಗ ಅತ್ತ ಹೋದ ಮೇಲೆ ಬರೆದವನು ಆ ಕಾಗದವನ್ನು ಎಸೆದುಬಿಡುತ್ತಾನೆ. ಆ ಪುಟ್ಟ ಪಾತ್ರ ಮಾಡಿದವರು ಇರ್ಫಾನ್ ಖಾನ್, ಅವರ ಮೊದಲ ಸಿನಿಮಾ. ‘ಊರ ಹೆಸರು ಹೇಳು’ ಎಂದರೆ ಊರ ಮುಂದಿನ ಕೆರೆಯನ್ನೋ, ಆಲದ ಮರವನ್ನೋ ವರ್ಣಿಸುವ ಚಿಕ್ಕ ಮಕ್ಕಳು ನಮಗೂ ಸಿಗುತ್ತಿದ್ದರು. ಮನೆಯ ದಾರಿ ಕಣ್ಣಿಗೆ ಕಟ್ಟಿದಂತಿದೆ, ಆದರೆ ತಾಲ್ಲೂಕು ಯಾವುದು, ಜಿಲ್ಲೆ ಯಾವುದು ಎನ್ನುವುದು ಗೊತ್ತಿಲ್ಲ. ಇಷ್ಟು ನಿಖರವಾದ ದೃಶ್ಯ ಬರೆದ ಮೇಲೆ ಗಣೇಶನ ಮೆರವಣಿಗೆ, ಚೂರಿ ಇರಿತದ ಕ್ಲೈಮ್ಯಾಕ್ಸ್ ಯಾಕೆ ಬೇಕಿತ್ತು ಎಂದು ನನಗೆ ಇಂದಿಗೂ ತಕರಾರಿದೆ.

ಅದೇ ಸಿನಿಮಾದಲ್ಲಿ ಮಂಜು ಎಂಬ ಪುಟ್ಟ ಹುಡುಗಿಯನ್ನು ಪೊಲೀಸರು ಹಿಡಿದು ಸರ್ಕಾರಿ ಆಶ್ರಯಕ್ಕೆ ಸೇರಿಸುತ್ತಾರೆ. ತಾಯಿ ವೇಶ್ಯೆ ಎಂಬ ಕಾರಣಕ್ಕೆ ಮಗಳನ್ನು ವಾಪಸು ಕೊಡುವುದಿಲ್ಲ. ಅಧಿಕಾರಿ ಕೂಗಾಡುವುದಿಲ್ಲ, ಸಮಾಧಾನವಾಗಿಯೇ ಹೇಳುತ್ತಾಳೆ. ನಿಮ್ಮ ಕಥೆಯಲ್ಲಿ ಬಾಲಮಂದಿರ ಬರುವುದಾದರೆ ದಯವಿಟ್ಟು ಬೆತ್ತ ಹಿಡಿದ ವಾರ್ಡನ್ ಒಬ್ಬನಲ್ಲೇ ಎಲ್ಲವನ್ನೂ ಮುಗಿಸಬೇಡಿ. ಸೌಮ್ಯವಾಗಿ ‘ಆಗುವುದಿಲ್ಲ’ ಎನ್ನುವ ಕಡತವನ್ನೂ ತೋರಿಸಿ.

ಹಳೆಯದರಲ್ಲಿ ರಾಜ್ ಕಪೂರ್ ನಿರ್ಮಿಸಿದ ‘ಬೂಟ್ ಪಾಲಿಶ್’ (1954) ಇದೆ. ಹಾಡುಗಳಿಂದ ನೆನಪಿರುವ ಚಿತ್ರ, ಕೊನೆಯಲ್ಲಿ ಕಣ್ಣೀರಿನ ಹೊಳೆ. ಆದರೂ ಒಂದು ವಿಷಯದಲ್ಲಿ ಅದು ಬಹಳ ಚುರುಕು. ಭಿಕ್ಷೆ ಬಿಟ್ಟು, ಪೈಸೆ ಕೂಡಿಸಿ ಪಾಲಿಶ್ ಸಾಮಾನು ಕೊಂಡ ಅಣ್ಣ ತಂಗಿಗೆ ಮಳೆಗಾಲ ಬಂದ ಕೂಡಲೇ ಹೊಟ್ಟೆಗಿಲ್ಲ. ಮಳೆಯಲ್ಲಿ ಯಾರು ಬೂಟು ಹೊಳೆಸಿಕೊಳ್ಳುತ್ತಾರೆ? ಬಡತನದ ಬಗ್ಗೆ ಉದ್ದುದ್ದ ಸಂಭಾಷಣೆ ಬರೆಯುವವರು ಈ ಒಂದು ಕೊಂಡಿಯನ್ನು ಗಮನಿಸಬೇಕು.

ಲೂಯಿಸ್ ಬುನ್ಯುಯೆಲ್ ಮೆಕ್ಸಿಕೋ ನಗರದಲ್ಲಿ ತೆಗೆದ ‘ಲೋಸ್ ಓಲ್ವಿದಾದೋಸ್’ (1950) ಕೂಡ ಒಂದು ನೋಟಿನ ಮೇಲೆ ತಿರುಗುತ್ತದೆ. ಸುಧಾರಣಾ ಶಾಲೆಯ ಮುಖ್ಯಸ್ಥ ಪೆದ್ರೋ ಎಂಬ ಹುಡುಗನ ಕೈಗೆ 50 ಪೆಸೋ ಕೊಟ್ಟು, ಗೇಟು ತೆರೆದು, ಸಿಗರೇಟು ತರಲು ಕಳಿಸುತ್ತಾನೆ. ಹುಡುಗ ವಾಪಸು ಬರುವ ಮನಸ್ಸಿನಲ್ಲೇ ಇರುತ್ತಾನೆ. ಹೊರಗೆ ಕಾದಿದ್ದ ಹಳೆಯ ಸಂಗಾತಿ ಆ ಹಣವನ್ನು ಕಿತ್ತುಕೊಳ್ಳುತ್ತಾನೆ. ಅಲ್ಲಿಂದ ಕಥೆ ಇಳಿಜಾರು, ಕೊನೆಗೆ ಪೆದ್ರೋನ ಹೆಣ ಕಸದ ತಿಪ್ಪೆಗೆ ಬೀಳುತ್ತದೆ. ಇದೇ ಚಿತ್ರಕ್ಕೆ ಪೆದ್ರೋ ಬದುಕಿ, ಹಣ ಹಿಂದಿರುಗಿಸಿ ಶಾಲೆಗೆ ಮರಳುವ ಇನ್ನೊಂದು ಅಂತ್ಯವನ್ನೂ ಚಿತ್ರೀಕರಿಸಿ ಇಟ್ಟಿದ್ದರು. ದಶಕಗಳ ನಂತರ ಅದು ಸಿಕ್ಕಿತು. ಮೆಕ್ಸಿಕೋದಲ್ಲಿ ಬಿಡುಗಡೆಯಾದಾಗ ದೇಶದ ಮಾನ ಕಳೆದರು ಎಂದು ಗಲಾಟೆಯೆದ್ದು ಕೆಲವೇ ದಿನಗಳಲ್ಲಿ ಚಿತ್ರಮಂದಿರದಿಂದ ತೆಗೆಯಬೇಕಾಯಿತು. ಮರುವರ್ಷ ಕಾನ್‌ನಲ್ಲಿ ಬುನ್ಯುಯೆಲ್‌ಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು.

ಬಡ ದೇಶಗಳ ರೋಗ ಇದು ಎಂದುಕೊಳ್ಳುವವರಿಗೆ ‘ಸ್ಟ್ರೀಟ್‌ವೈಸ್’ (1984) ಎಂಬ ಸಾಕ್ಷ್ಯಚಿತ್ರ. ಅಮೆರಿಕದ ಸಿಯಾಟಲ್ ನಗರದ ಪೈಕ್ ಸ್ಟ್ರೀಟಿನ ಹದಿಹರೆಯದವರು ಇಲ್ಲಿದ್ದಾರೆ. ರ‍್ಯಾಟ್ ಎಂಬ ಹುಡುಗ ಊಟ ಸಂಪಾದಿಸುವ ಬಗೆಯನ್ನು ವಿವರಿಸುತ್ತಾನೆ. ಪಿಜ್ಜಾ ಅಂಗಡಿಗೆ ಫೋನ್ ಮಾಡಿ ಸುಳ್ಳು ಹೆಸರಿನಲ್ಲಿ ಆರ್ಡರ್ ಕೊಡುವುದು, ಯಾರೂ ಬಾರದೆ ಅವರು ಅದನ್ನು ಕಸದ ಡಬ್ಬಕ್ಕೆ ಹಾಕಿದ ಮೇಲೆ ಹೋಗಿ ಎತ್ತಿಕೊಳ್ಳುವುದು. ಯಾವ ಚಿತ್ರಕಥೆಗಾರ ಇದನ್ನು ಕುಳಿತಲ್ಲೇ ಕಲ್ಪಿಸಿಯಾನು? ಹದಿನಾಲ್ಕರ ಹುಡುಗಿ ‘ಟೈನಿ’ ಕುದುರೆಗಳಿರುವ ತೋಟದ ಮನೆಯ ಕನಸು ಹೇಳುತ್ತಾಳೆ. ಹುಡುಗಿಯರ ಬದುಕನ್ನು ಇಷ್ಟು ನೇರವಾಗಿ ತೋರಿಸಿದ ಚಿತ್ರಗಳು ಕಡಿಮೆ.

ಇನ್ನು ಕನ್ನಡದ್ದು. ‘ಚಿನ್ನಾರಿ ಮುತ್ತ’ (1993) ನನಗೆ ಬಾಯಿಪಾಠ. ಎಚ್.ಎಸ್. ವೆಂಕಟೇಶಮೂರ್ತಿಯವರ ಸಾಲುಗಳು, ಅಶ್ವತ್ಥರ ಸಂಗೀತ, ಪುಟ್ಟ ವಿಜಯ್ ರಾಘವೇಂದ್ರ. ಆದರೆ ಹಳ್ಳಿಯಿಂದ ನಗರಕ್ಕೆ ಬಂದ ಅನಾಥ ಓಟಗಾರನಾಗಿ ಗೆಲ್ಲುವ ಕಥೆಯಲ್ಲಿ ಬೀದಿ ಎನ್ನುವುದು ದಾಟಿಹೋಗುವ ಒಂದು ನಿಲ್ದಾಣವಷ್ಟೆ. ಹತ್ತು ವರ್ಷದ ಆಸುಪಾಸಿನ ಬಾಲಕ ಕಿಶನ್ ನಿರ್ದೇಶಿಸಿದ ‘ಕೇರ್ ಆಫ್ ಫುಟ್‌ಪಾತ್’ (2006) ಶಾಲೆ ಸೇರುವ ಹಠದ ಕಥೆ. ಎರಡರಲ್ಲೂ ಪ್ರತಿಭೆ ಇದ್ದವನು ಪಾರಾಗುತ್ತಾನೆ. ಓಡಲು ಬಾರದ, ಓದು ಹತ್ತದ ಹುಡುಗನ ಕಥೆ ಕನ್ನಡದಲ್ಲಿ ಇನ್ನೂ ಬಾಕಿ ಇದೆ, ಅದನ್ನು ನೀವೇ ಮಾಡಬಹುದು.

ಕೊನೆಯದಾಗಿ, ನೀವು ಕೇಳದ ಒಂದು ಸಂಗತಿ. ನಿಜವಾದ ಬೀದಿ ಹುಡುಗನನ್ನೇ ನಟನನ್ನಾಗಿ ಮಾಡುವ ಆಲೋಚನೆ ನಿಮಗೆ ಬಂದೇ ಬರುತ್ತದೆ. ‘ಸಲಾಂ ಬಾಂಬೆ’ಯ ಕೃಷ್ಣನಾದ ಶಫೀಕ್ ಸೈಯದ್ ನಮ್ಮ ಬೆಂಗಳೂರಿನಿಂದಲೇ ಮುಂಬೈಗೆ ಓಡಿಹೋಗಿದ್ದ ಹುಡುಗ. ದಿನಕ್ಕೆ 20 ರೂಪಾಯಿ ಕೊಡುತ್ತಾರೆಂದು ನಟನೆಯ ಕಮ್ಮಟಕ್ಕೆ ಹೋದೆ ಎಂದು ಆತ ಹೇಳಿಕೊಂಡಿದ್ದಾರೆ. ರಾಷ್ಟ್ರೀಯ ಪ್ರಶಸ್ತಿ ಬಂತು, ಅವಕಾಶಗಳು ಬರಲಿಲ್ಲ. ಬೆಂಗಳೂರಿಗೆ ಮರಳಿ ಆಟೋ ಓಡಿಸಿದರು. ಆ ಚಿತ್ರದಿಂದ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿ ಅನೇಕ ಮಕ್ಕಳಿಗೆ ಆಸರೆಯಾಗಿದೆ, ಅದನ್ನೂ ಹೇಳಬೇಕು. ಬೀದಿ ಮಕ್ಕಳ ಕುರಿತ ಬ್ರೆಜಿಲ್‌ನ ಚಿತ್ರ ‘ಪಿಶೋಟೆ’ಯಲ್ಲಿ ನಟಿಸಿದ ಫರ್ನಾಂಡೋ ರಾಮೋಸ್ ದ ಸಿಲ್ವಾ 1987ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಪೊಲೀಸರ ಗುಂಡಿಗೆ ಸತ್ತ. ಲೆಬನಾನ್‌ನ ‘ಕಪರ್ನಾಮ್’ನ (2018) ಸಿರಿಯನ್ ನಿರಾಶ್ರಿತ ಹುಡುಗ ಝೈನ್ ಮಾತ್ರ ಕುಟುಂಬದೊಂದಿಗೆ ನಾರ್ವೆಯಲ್ಲಿ ನೆಲೆ ಕಂಡ.

ನಮ್ಮಲ್ಲಿ ಇದಕ್ಕೆ 2017ರ ಬಾಲಕಾರ್ಮಿಕ ನಿಯಮಗಳಿವೆ. ಬಾಲನಟನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿ ಇಡಬೇಕು. ಕಿರುಚಿತ್ರಕ್ಕೆ ಬಜೆಟ್ ಎಲ್ಲಿದೆ ಎನ್ನುತ್ತೀರೇನೋ. ಹಾಗಾದರೆ ಕ್ಯಾಮೆರಾ ಬಾಡಿಗೆಯ ಸಾಲಿಗಿಂತ ಮೇಲೆ ಆ ಹುಡುಗನ ಸಂಭಾವನೆಯ ಸಾಲು ಬರೆದು, ಅಲ್ಲಿಂದ ಬಜೆಟ್ ಹಾಕಲು ಶುರುಮಾಡಿ. ಮೊದಲು ‘ಸಲಾಂ ಬಾಂಬೆ’ ನೋಡಿ, ಆಮೇಲೆ ‘ಸ್ಟ್ರೀಟ್‌ವೈಸ್’. ‘ಪಿಶೋಟೆ’ಯನ್ನು ರಾತ್ರಿ ಒಬ್ಬರೇ ಕುಳಿತು ನೋಡಬೇಡಿ.