ಬಿಳಿ ಟೋನರ್ ಪ್ರಿಂಟರ್‌ಗೆ ಯಾವ ಸಾಫ್ಟ್‌ವೇರ್? ಡ್ರೈವರ್ ಸಾಕಾ, ರಿಪ್ ಬೇಕಾ?

ನೀವು ಕೇಳಿದ್ದು ಇಷ್ಟು: ಬಣ್ಣದ ಜೊತೆ ಬಿಳಿ ಟೋನರೂ (ಲೇಸರ್ ಥರದ ಪ್ರಿಂಟರ್‌ಗೆ ಹಾಕುವ ಪುಡಿ) ಇರುವ ಪ್ರಿಂಟರ್ ತಗೊಂಡಿದ್ದೀರಿ, ಕಪ್ಪು ಮತ್ತು ಗಾಢ ಬಣ್ಣದ ಟೀ ಶರ್ಟ್‌ಗಳಿಗೆ ಟ್ರಾನ್ಸ್‌ಫರ್ ಮಾಡಬೇಕು (ಅಂದ್ರೆ ಹಾಳೆ ಮೇಲೆ ಪ್ರಿಂಟ್ ತೆಗೆದು ಬಿಸಿ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತಬೇಕು), ಒಬ್ಬರು ಡ್ರೈವರ್ ಸಾಕು ಅಂದರು, ಇನ್ನೊಬ್ಬರು ರಿಪ್ ಇಲ್ಲದೆ ಆಗೋದೇ ಇಲ್ಲ ಅಂದರು. ಡ್ರೈವರ್ ಅಂದ್ರೆ ಪ್ರಿಂಟರ್ ಜೊತೆ ಬರುವ ಮಾಮೂಲಿ ಸಾಫ್ಟ್‌ವೇರ್, ರಿಪ್ ಅಂದ್ರೆ ಚಿತ್ರದ ಯಾವ ಜಾಗದಲ್ಲಿ ಯಾವ ಟೋನರ್ ಎಷ್ಟು ಬೀಳಬೇಕು ಅಂತ ಲೆಕ್ಕ ಹಾಕಿ ಪ್ರಿಂಟರ್‌ಗೆ ಕಳಿಸುವ ಬೇರೆ ಸಾಫ್ಟ್‌ವೇರ್. ನಾನು ಎರಡನ್ನೂ ಬಳಸಿ ನೋಡಿದವನು. ಮೊದಲ ಎಂಟು ತಿಂಗಳು ಬರೀ ಡ್ರೈವರ್‌ನಲ್ಲೇ ಕೆಲಸ ಮಾಡಿದೆ, ಆಮೇಲೆ ರಿಪ್‌ಗೆ ಬಂದೆ. ಗಾಢ ಬಟ್ಟೆಯ ಕೆಲಸವೇ ಜಾಸ್ತಿ ಇದ್ದರೆ ರಿಪ್ ತಗೊಳ್ಳಿ. ಆದರೆ ಯಾವ ರಿಪ್ ಅನ್ನೋದನ್ನು ಅದರ ಅಂದಚಂದ ನೋಡಿ, ರೆಡಿಮೇಡ್ ಡಿಸೈನ್ ಎಷ್ಟು ಕೊಡುತ್ತಾರೆ ಅಂತ ನೋಡಿ ತೀರ್ಮಾನ ಮಾಡಬೇಡಿ. ಬಿಳಿ ಪದರವನ್ನು ಅದು ಹೇಗೆ ಮಾಡುತ್ತದೆ, ಆ ಪದರದ ಮೇಲೆ ನಿಮಗೆಷ್ಟು ಹಿಡಿತ ಕೊಡುತ್ತದೆ, ಅದನ್ನು ನೋಡಿ. ಉಳಿದದ್ದೆಲ್ಲ ಆಮೇಲೆ.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಈ ಕೆಲಸದಲ್ಲಿ ಬಿಳಿ ಬರೀ ಒಂದು ಬಣ್ಣ ಅಲ್ಲ. ಟ್ರಾನ್ಸ್‌ಫರ್ ಹಾಳೆ ಮೇಲೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿ ಬೀಳುತ್ತದೆ. ಬಣ್ಣ ಕೆಳಗೆ, ಅದರ ಮೇಲೆ ಬಿಳಿ. ಬಟ್ಟೆ ಮೇಲೆ ಮಗುಚಿ ಒತ್ತಿದಾಗ ಬಿಳಿ ಬಟ್ಟೆ ಕಡೆಗೆ ಹೋಗಿ ಬಣ್ಣ ಮೇಲೆ ಬರುತ್ತದೆ. ಬಿಳಿ ಇಲ್ಲದಿದ್ದರೆ ಕಪ್ಪು ಬಟ್ಟೆ ಮೇಲೆ ಹಳದಿ, ಕೆಂಪು ಯಾವುದೂ ಕಾಣಲ್ಲ, ಟೋನರ್ ಅಷ್ಟು ತೆಳು. ಇನ್ನು ಎರಡು ಹಾಳೆಯ ಪೇಪರ್‌ನಲ್ಲಿ ಪ್ರಿಂಟ್ ಆದ ಹಾಳೆಯನ್ನು ಅಂಟಿನ ಹಾಳೆ ಜೊತೆ ಪ್ರೆಸ್‌ನಲ್ಲಿ ಒತ್ತಿ ಬಿಡಿಸಬೇಕು ಅಲ್ವಾ, ಆಗ ಅಂಟು ಟೋನರ್ ಇರುವ ಕಡೆ ಮಾತ್ರ ಹತ್ತಿಕೊಳ್ಳುತ್ತದೆ. ಟೋನರ್ ತೆಳುವಾದ ಕಡೆ ಅಂಟೂ ಕಡಿಮೆ, ಅಲ್ಲಿಂದಲೇ ಒಗೆತದಲ್ಲಿ ಕಿತ್ತು ಬರೋದು. ಅಂದ್ರೆ ಬಣ್ಣ ಕಾಣೋದಕ್ಕೂ ಬಿಳಿ ಬೇಕು, ಅದು ಬಟ್ಟೆಗೆ ನಿಲ್ಲೋದಕ್ಕೂ ಬಿಳಿ ಬೇಕು.

ಈಗ ನಿಮ್ಮ ಯಂತ್ರ ಯಾವ ಥರದ್ದು ನೋಡಿಕೊಳ್ಳಿ. ಕೆಲವದರಲ್ಲಿ ನಾಲ್ಕೇ ಟೋನರ್, ಕಪ್ಪಿನ ಜಾಗದಲ್ಲಿ ಬಿಳಿ ಕೂತಿರುತ್ತದೆ. ಓಕಿಯ ಪ್ರೊ8432ಡಬ್ಲ್ಯೂಟಿ ಈ ಥರದ್ದು. ಅದೇ ಓಕಿಯ ಪ್ರೊ9541ಡಬ್ಲ್ಯೂಟಿಯಲ್ಲಿ ನಾಲ್ಕು ಬಣ್ಣದ ಜೊತೆ ಬಿಳಿ ಐದನೆಯದಾಗಿ ಇದೆ. ಕಪ್ಪು ಟೋನರ್ ಇಲ್ಲದ ಯಂತ್ರ ಕಪ್ಪನ್ನು ಸಯಾನ್, ಮೆಜೆಂಟಾ, ಹಳದಿ ಸೇರಿಸಿ ಮಾಡುತ್ತದೆ. ಆ ಕಪ್ಪು ಅಪ್ಪಟ ಕಪ್ಪಾಗಿ ಕಾಣೋದು ಕಷ್ಟ, ಸ್ವಲ್ಪ ಕಂದು ಬಣ್ಣಕ್ಕೆ ಎಳೆಯುತ್ತದೆ. ಜೊತೆಗೆ ಒಂದೇ ಜಾಗದಲ್ಲಿ ಮೂರು ಟೋನರ್, ಮೇಲೊಂದು ಬಿಳಿ, ದಪ್ಪ ಜಾಸ್ತಿ ಆಗುತ್ತದೆ. ಹಾಗಾಗಿ ನಾಲ್ಕು ಟೋನರ್ ಯಂತ್ರದವರಿಗೆ ರಿಪ್‌ನ ಅಗತ್ಯ ಐದು ಟೋನರ್‌ನವರಿಗಿಂತ ಹೆಚ್ಚು. ಇದನ್ನು ಯಂತ್ರ ಮಾರುವವರು ಸಾಮಾನ್ಯವಾಗಿ ಹೇಳಲ್ಲ, ನನಗೂ ಹೇಳಿರಲಿಲ್ಲ.

ಡ್ರೈವರ್‌ನಲ್ಲಿ ಏನೂ ಆಗಲ್ಲ ಅಂತಲ್ಲ. ಬಣ್ಣ ಇರುವ ಕಡೆಯೆಲ್ಲ ಬಿಳಿ ಹಾಕು ಅನ್ನೋ ಥರದ ಆಯ್ಕೆ ಅದರಲ್ಲಿ ಇರುತ್ತದೆ. ಎರಡು ಮೂರು ಗಟ್ಟಿ ಬಣ್ಣದ ಲೋಗೋ, ದಪ್ಪ ಅಕ್ಷರ, ಅಂಚು ಚೂಪಾಗಿರುವ ಚಿತ್ರ, ಇಷ್ಟಕ್ಕೆ ಅದು ಸಾಕು. ಬರೀ ಒಂದು ಬಣ್ಣದ ಬಿಳಿ ಅಕ್ಷರ ಪ್ರಿಂಟ್ ಮಾಡೋದಾದರೆ ರಿಪ್‌ಗೆ ದುಡ್ಡು ಹಾಕಲೇಬೇಡಿ. ತೊಂದರೆ ಶುರುವಾಗೋದು ಫೋಟೊ ಬಂದಾಗ, ನೆರಳು ಬಂದಾಗ, ಸಣ್ಣ ಸಣ್ಣ ಗೆರೆ ಬಂದಾಗ.

ನನ್ನ ಅನುಭವ ಹೇಳ್ತೀನಿ. ಸಣ್ಣ ಎಲೆಗಳ ಬಳ್ಳಿಯ ಚಿತ್ರ, ಕಪ್ಪು ಟೀ ಶರ್ಟ್, ಇಪ್ಪತ್ತನಾಲ್ಕು ಪೀಸ್ ಆರ್ಡರ್. ಮೊದಲನೆಯದನ್ನು ಒತ್ತಿ ಹಾಳೆ ಸುಲಿದೆ, ಮೇಜಿನ ಮೇಲೆ ಚೆನ್ನಾಗೇ ಕಂಡಿತು, ಉಳಿದದ್ದನ್ನೂ ಒತ್ತಿಬಿಟ್ಟೆ. ರಾತ್ರಿ ಮಡಚಿಡುವಾಗ ದೀಪದ ಹತ್ತಿರ ಹಿಡಿದು ನೋಡಿದರೆ ಪ್ರತಿ ಎಲೆಯ ಬಲಗಡೆ ಅಂಚಿನಲ್ಲೂ ಕೂದಲೆಳೆಯಷ್ಟು ಬಿಳಿ ಗೆರೆ. ಎಡಗಡೆ ಇಲ್ಲ, ಬಲಗಡೆ ಮಾತ್ರ. ಆಗ ಅರ್ಥವಾಯ್ತು: ಬಿಳಿ ಮತ್ತು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ, ಒಂದಿಷ್ಟೇ ಇಷ್ಟು ಪಕ್ಕಕ್ಕೆ ಜರುಗಿದೆ. ಯಾವ ಯಂತ್ರದಲ್ಲೂ ಇದು ಪೂರ್ತಿ ಸೊನ್ನೆ ಆಗಲ್ಲ. ಮೊದಲು ಕ್ಯಾಲಿಬ್ರೇಷನ್ ಮಾಡಿ ಕಡಿಮೆ ಮಾಡಬಹುದು, ಉಳಿದದ್ದನ್ನು ಮುಚ್ಚಿಕೊಳ್ಳಬೇಕು. ಮುಚ್ಚೋದು ಅಂದ್ರೆ ಬಿಳಿ ಪದರವನ್ನು ಬಣ್ಣಕ್ಕಿಂತ ಒಂದು ಚೂರು ಒಳಗೆ ಎಳೆದುಕೊಳ್ಳೋದು, ಇದಕ್ಕೆ ಚೋಕ್ ಅಂತಾರೆ. 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಫೈಲ್‌ನಲ್ಲಿ ಒಂದು ಪಿಕ್ಸೆಲ್ ಅಂದ್ರೆ ಸುಮಾರು 0.085 ಮಿ.ಮೀ., ಎರಡು ಪಿಕ್ಸೆಲ್ ಚೋಕ್ ಕೊಟ್ಟರೆ ಬಿಳಿ ಎಲ್ಲ ಅಂಚಿನಲ್ಲೂ 0.17 ಮಿ.ಮೀ. ಒಳಗೆ ಬರುತ್ತದೆ. ಕಣ್ಣಿಗೆ ಗೊತ್ತಾಗಲ್ಲ, ಬಿಳಿ ಗೆರೆ ಹೋಗುತ್ತದೆ.

ಆದರೆ ಚೋಕ್‌ಗೂ ಒಂದು ಮಿತಿ ಇದೆ. ನಾಲ್ಕು ಪಿಕ್ಸೆಲ್ ದಪ್ಪದ ಗೆರೆಗೆ ಎರಡು ಪಿಕ್ಸೆಲ್ ಚೋಕ್ ಕೊಟ್ಟರೆ ಎರಡೂ ಕಡೆಯಿಂದ ಸೇರಿ ಬಿಳಿ ಪೂರ್ತಿ ಮಾಯ. ಸಣ್ಣ ಅಕ್ಷರ ಕಪ್ಪು ಬಟ್ಟೆಯಲ್ಲಿ ಕರಗಿಹೋಗುತ್ತದೆ. ಅದಕ್ಕೇ ಸಾಫ್ಟ್‌ವೇರ್ ನೋಡುವಾಗ ಚೋಕ್ ಇದೆಯಾ ಅಂತ ಮಾತ್ರ ಕೇಳಬೇಡಿ. ಎಷ್ಟು ಸಣ್ಣ ಹೆಜ್ಜೆಯಲ್ಲಿ ಹೊಂದಿಸಬಹುದು, ಒತ್ತುವ ಮೊದಲು ಬಿಳಿ ಪದರ ಒಂದನ್ನೇ ತೆರೆಯ ಮೇಲೆ ದೊಡ್ಡದು ಮಾಡಿ ನೋಡಬಹುದಾ, ಇದನ್ನು ಕೇಳಿ. ನನ್ನ ಮಟ್ಟಿಗೆ ಬಿಳಿ ಪದರದ ಪ್ರಿವ್ಯೂ ಇಲ್ಲದ ರಿಪ್ ಬೇಡವೇ ಬೇಡ.

ನೆರಳಿನ ವಿಷಯ. ಡಿಸೈನರ್‌ಗಳಿಗೆ ಅಕ್ಷರದ ಹಿಂದೆ ಮೆತ್ತನೆ ನೆರಳು, ಸುತ್ತ ಹೊಳಪು ಹಾಕೋದು ಇಷ್ಟ. ತೆರೆ ಮೇಲೆ ಅದು ಅರೆಪಾರದರ್ಶಕ. ಟೋನರ್‌ಗೆ ಅರ್ಧಂಬರ್ಧ ಅನ್ನೋದು ಗೊತ್ತಿಲ್ಲ, ಒಂದು ಜಾಗದಲ್ಲಿ ಬೀಳುತ್ತದೆ ಇಲ್ಲಾ ಬೀಳಲ್ಲ. ಡ್ರೈವರ್ ಆ ನೆರಳಿನ ಕೆಳಗೂ ಪೂರ್ತಿ ಬಿಳಿ ಸುರಿಯುತ್ತದೆ, ಕಪ್ಪು ಶರ್ಟ್ ಮೇಲೆ ಅಕ್ಷರದ ಸುತ್ತ ಕೊಳೆ ಹತ್ತಿದ ಹಾಗೆ ಬೂದು ಬಣ್ಣದ ಹೊಗೆ ಕಾಣುತ್ತದೆ. ಒಳ್ಳೆ ರಿಪ್ ಆ ಜಾಗವನ್ನು ಚುಕ್ಕೆಗಳಾಗಿ ಒಡೆಯುತ್ತದೆ, ದಟ್ಟ ಇರುವ ಕಡೆ ದಪ್ಪ ಚುಕ್ಕೆ, ತೆಳು ಇರುವ ಕಡೆ ಸಣ್ಣ ಚುಕ್ಕೆ, ನಡುವೆ ಬಟ್ಟೆ. ಆಗ ನೆರಳು ನೆರಳಾಗೇ ಕಾಣುತ್ತದೆ.

ಕಪ್ಪು ತೆಗೆಯೋದು ಇನ್ನೊಂದು. ಕಪ್ಪು ಟೀ ಶರ್ಟ್ ಮೇಲೆ ಚಿತ್ರದ ಕಪ್ಪು ಭಾಗಕ್ಕೆ ಬಿಳಿ ಹಾಕಿ ಅದರ ಮೇಲೆ ಮೂರು ಬಣ್ಣ ಸೇರಿಸಿ ಕಪ್ಪು ಮಾಡೋದು ಸುಮ್ನೆ ದಂಡ. ಅಲ್ಲಿ ಏನೂ ಪ್ರಿಂಟ್ ಮಾಡದೆ ಬಿಟ್ಟರೆ ಬಟ್ಟೆಯೇ ಕಪ್ಪಾಗಿ ಕಾಣುತ್ತದೆ, ಟೋನರ್ ಉಳಿಯುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ. ರಿಪ್‌ನಲ್ಲಿ ಇದು ಒಂದು ಕ್ಲಿಕ್. ಆದರೆ ನೀಲಿ ಶರ್ಟ್‌ಗೂ ಅದೇ ಸೆಟ್ಟಿಂಗ್ ಬಿಟ್ಟರೆ ಕಪ್ಪು ಇರಬೇಕಾದ ಕಡೆ ನೀಲಿ ಕಾಣುತ್ತದೆ. ಹುಲಿಯ ಪಟ್ಟೆ ನೀಲಿಯಾದರೆ ಹೇಗಿರುತ್ತೆ ಯೋಚಿಸಿ. ಹಾಗಾಗಿ ಯಾವ ಬಣ್ಣ ತೆಗೀಬೇಕು ಅಂತ ನೀವೇ ಆರಿಸುವ ಹಾಗಿರಬೇಕು, ಆ ಬಣ್ಣಕ್ಕೆ ಹತ್ತಿರದ ಛಾಯೆಗಳನ್ನು ಎಷ್ಟು ದೂರದವರೆಗೆ ತೆಗೀಬೇಕು ಅನ್ನೋದನ್ನೂ ಹೊಂದಿಸುವ ಹಾಗಿರಬೇಕು. ಇಲ್ಲದಿದ್ದರೆ ಫೋಟೊದಲ್ಲಿ ಮುಖದ ನೆರಳೂ, ಕೂದಲೂ ಕಿತ್ತುಹೋಗಿ ತೂತು ಬೀಳುತ್ತವೆ.

ಫೋಟೊ ಪ್ರಿಂಟ್ ಮಾಡ್ತೀರಾದರೆ ರಾಸ್ಟರ್ ಸೌಲಭ್ಯವನ್ನು ಚೆನ್ನಾಗಿ ಪರೀಕ್ಷಿಸಿ. ಎದೆ ತುಂಬಾ ಗಟ್ಟಿ ಟೋನರ್ ಕೂತರೆ ಶರ್ಟ್ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗಿರುತ್ತದೆ, ಗಾಳಿ ಆಡಲ್ಲ, ಬಟ್ಟೆ ಎಳೆದರೆ ಬಿರುಕು ಬಿಡುತ್ತದೆ. ರಾಸ್ಟರ್ ಅಂದ್ರೆ ಚಿತ್ರವನ್ನು ಸಣ್ಣ ಗೆರೆಯಾಗಿಯೋ ಚುಕ್ಕೆಯಾಗಿಯೋ ಒಡೆದು ನಡುನಡುವೆ ಬಟ್ಟೆಗೆ ಜಾಗ ಬಿಡೋದು. ಒಂದು ಮಾರು ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ, ಮೈಗೆ ಹಾಕಿದರೆ ಗೊತ್ತಾಗುತ್ತದೆ. ಆದರೆ ಅದೇ ಡಿಸೈನ್‌ನ ಕೆಳಗೆ ಸಣ್ಣ ಅಕ್ಷರದ ಹೆಸರು ಇದ್ದರೆ ಅದನ್ನೂ ಒಡೆದು ಹಾಕಿದರೆ ಓದೋಕೆ ಆಗಲ್ಲ. ಚುಕ್ಕೆ ತೀರಾ ಸಣ್ಣದಾದರೆ ಅಂಟು ಹಿಡಿಯಲ್ಲ, ಮೂರು ಒಗೆತಕ್ಕೆ ಉದುರುತ್ತದೆ. ಚುಕ್ಕೆಯ ಗಾತ್ರ, ಕೋನ ಎರಡನ್ನೂ ಬದಲಾಯಿಸೋಕೆ ಬಿಡುವ ಸಾಫ್ಟ್‌ವೇರ್ ಆಗಿರಲಿ.

ಹೆಸರುಗಳಿಗೆ ಬರೋಣ. ಯುನಿನೆಟ್‌ನ ಐಕಲರ್ ಪ್ರಿಂಟರ್ ಇದ್ದರೆ ಅವರದೇ ಪ್ರೊರಿಪ್ ಇದೆ, ಅದನ್ನು ಪೂರ್ತಿ ಕಲಿಯುವ ಮೊದಲು ಬೇರೆ ಹುಡುಕಬೇಡಿ. ಓಕಿ ಇದ್ದರೆ ಫಾರೆವರ್‌ನವರ ಟ್ರಾನ್ಸ್‌ಫರ್‌ರಿಪ್, ಕ್ಯಾಡ್‌ಲಿಂಕ್‌ನವರ ಡಿಜಿಟಲ್ ಫ್ಯಾಕ್ಟರಿ, ಎರಡನ್ನೂ ನೋಡಿ. ಟ್ರಾನ್ಸ್‌ಫರ್‌ರಿಪ್ ಮಾಡಿದವರೇ ಟ್ರಾನ್ಸ್‌ಫರ್ ಪೇಪರನ್ನೂ ಮಾಡುವವರು, ಅವರ ಪೇಪರ್ ಬಳಸುವವರಿಗೆ ಅದರಿಂದ ಅನುಕೂಲ. ಡಿಜಿಟಲ್ ಫ್ಯಾಕ್ಟರಿಯಲ್ಲಿ ಬೇರೆ ಬೇರೆ ಆವೃತ್ತಿಗಳಿವೆ, ಇಂಕ್ ಬಳಸುವ ಡಿಟಿಎಫ್ ಯಂತ್ರಗಳಿಗೆ (ಹಾಳೆ ಬದಲು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತುವಂಥವು) ಬೇರೆಯದೇ ಇದೆ. ಬಿಳಿ ಇಂಕ್‌ಗೆ ಮಾಡಿದ ರಿಪ್ ಬಿಳಿ ಟೋನರ್‌ಗೆ ಕೆಲಸ ಮಾಡುತ್ತದೆ ಅಂದುಕೊಂಡು ತಗೊಂಡುಬಿಡಬೇಡಿ. ನಿಮ್ಮ ಪ್ರಿಂಟರ್ ಮಾದರಿಯ ಹೆಸರು ಅಕ್ಷರಕ್ಕಕ್ಷರ ಅವರ ಪಟ್ಟಿಯಲ್ಲಿ ಇರಬೇಕು, ಅದೇ ಕಂಪನಿಯ ಇನ್ನೊಂದು ಮಾದರಿ ಇದ್ದರೆ ಸಾಲದು.

ಬಣ್ಣದ ಲೇಸರ್ ಪ್ರಿಂಟರ್ ಒಂದು, ಕಪ್ಪಿನ ಬದಲು ಬಿಳಿ ಟೋನರ್ ಹಾಕಿದ ಪ್ರಿಂಟರ್ ಇನ್ನೊಂದು, ಹಾಳೆಯನ್ನು ಎರಡರಲ್ಲೂ ಓಡಿಸಿ ಕೆಲಸ ಮಾಡುವವರೂ ಇದ್ದಾರೆ. ನಾನು ಬೇಡ ಅಂತೀನಿ. ಒಂದು ಸಲ ಫ್ಯೂಸರ್ (ಟೋನರನ್ನು ಕರಗಿಸಿ ಹಾಳೆಗೆ ಹಿಡಿಸುವ ಪ್ರಿಂಟರ್‌ನ ಭಾಗ) ಬಿಸಿಗೆ ಸಿಕ್ಕಿದ ಹಾಳೆ ಅಳತೆಯಲ್ಲಿ ಕುಗ್ಗುತ್ತದೆ, ಸುರುಳಿ ಏಳುತ್ತದೆ, ಎರಡನೇ ಸಲ ಅದೇ ಜಾಗಕ್ಕೆ ಬರಲ್ಲ. ಯಾವ ಸಾಫ್ಟ್‌ವೇರೂ ಇದನ್ನು ಸರಿ ಮಾಡಲ್ಲ.

ಲೈಸೆನ್ಸ್ ಬಗ್ಗೆ ಒಂದು ಮಾತು. ಕೆಲವು ರಿಪ್‌ಗಳು ಯುಎಸ್‌ಬಿ ಡಾಂಗಲ್ ಮೇಲೆ, ಅಂದ್ರೆ ಕಂಪ್ಯೂಟರ್‌ಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುವ ಕೀಲಿ ಮೇಲೆ ನಡೆಯುತ್ತವೆ. ಬೆರಳುದ್ದದ ಆ ತುಂಡು ಕಳೆದುಹೋದರೆ ಲೈಸೆನ್ಸ್ ಕಳೆದ ಹಾಗೆಯೇ. ಕಳೆದರೆ, ಕೆಟ್ಟರೆ ಏನು ಮಾಡ್ತಾರೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಒಂದೇ ಸಲದ ದುಡ್ಡಾ, ವರ್ಷ ವರ್ಷ ಕಟ್ಟೋದಾ, ಕಟ್ಟದಿದ್ದರೆ ಸಾಫ್ಟ್‌ವೇರ್ ನಿಂತುಹೋಗುತ್ತಾ ಇಲ್ಲಾ ಅಪ್‌ಡೇಟ್ ಮಾತ್ರ ನಿಲ್ಲುತ್ತಾ, ಇದನ್ನೂ ಕೇಳಿ. ಮ್ಯಾಕ್ ಬಳಸುವವರಾದರೆ ಇನ್ನೂ ಹುಷಾರು, ಈ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ವಿಂಡೋಸ್‌ಗೆ ಮಾಡಿದವು.

ಫೈಲ್ ಸರಿ ಇಲ್ಲದಿದ್ದರೆ ಎಷ್ಟು ಒಳ್ಳೆ ರಿಪ್ ಇದ್ದರೂ ಅಷ್ಟೇ. ಜೆಪೆಗ್‌ನಲ್ಲಿ ಪಾರದರ್ಶಕ ಹಿನ್ನೆಲೆ ಇರಲ್ಲ, ಚಿತ್ರದ ಸುತ್ತ ಬಿಳಿ ಚೌಕ ಬಂದು ಕೂರುತ್ತದೆ. ಹಿನ್ನೆಲೆ ತೆಗೆದ ಪಿಎನ್‌ಜಿ, ಪ್ರಿಂಟ್ ಆಗುವ ಅಳತೆಯಲ್ಲಿ 300 ಡಿಪಿಐ, ಇದು ನನ್ನ ಅಭ್ಯಾಸ. ಬಿಳಿ ಪದರವನ್ನು ನೀವೇ ಸ್ಪಾಟ್ ಬಣ್ಣವಾಗಿ (ಫೈಲ್‌ನಲ್ಲಿ ತನ್ನದೇ ಹೆಸರಿರುವ ಪ್ರತ್ಯೇಕ ಬಣ್ಣ) ಮಾಡಿ ಪಿಡಿಎಫ್ ಕಳಿಸೋದಾದರೆ ಆ ಬಣ್ಣದ ಹೆಸರು ರಿಪ್ ಕೇಳುವ ಹೆಸರೇ ಆಗಿರಬೇಕು, ಸ್ಪೆಲಿಂಗ್ ಸಮೇತ. ನಾನು ಒಮ್ಮೆ ಹೆಸರಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಅರ್ಧ ದಿನ ಒದ್ದಾಡಿದ್ದೇನೆ.

ಕೊಳ್ಳುವ ಮೊದಲು ಟ್ರಯಲ್ ಇಳಿಸಿಕೊಳ್ಳಿ, ನೀರುಗುರುತು ಬಂದರೂ ಪರವಾಗಿಲ್ಲ. ಒಂದೇ ಎ4 ಹಾಳೆಯಲ್ಲಿ ಇವನ್ನು ಜೋಡಿಸಿ: ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳು, ಮೆತ್ತನೆ ನೆರಳಿರುವ ಒಂದು ಪದ, ಕಪ್ಪು ಕೂದಲಿನ ಮುಖದ ಫೋಟೊ ಒಂದು, ಗಟ್ಟಿ ಕೆಂಪು ಚೌಕ, ಕಪ್ಪಿನಿಂದ ಬಿಳಿಗೆ ಹೋಗುವ ಪಟ್ಟಿ. ಅದೇ ಫೈಲನ್ನು ಪ್ರತಿ ಸಾಫ್ಟ್‌ವೇರ್‌ನಿಂದ ಪ್ರಿಂಟ್ ಮಾಡಿ, ಒಂದು ಕಪ್ಪು, ಒಂದು ನೀಲಿ ಬಟ್ಟೆಗೆ ಒತ್ತಿ. ಒಂದು ದಿನ ಬಿಟ್ಟು ಒಳಹೊರಗೆ ಮಾಡಿ ಐದು ಸಲ ಒಗೆಯಿರಿ. ಆಮೇಲೆ ಬಿಸಿಲಿಗೆ ತಂದು ಸಣ್ಣ ಅಕ್ಷರದ ಅಂಚನ್ನೂ ಫೋಟೊದ ಕೂದಲಿನ ಭಾಗವನ್ನೂ ನೋಡಿ, ಕೆಂಪು ಚೌಕವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ.

ನಿಮ್ಮ ಪ್ರಿಂಟರ್ ಮಾದರಿ, ಪೇಪರ್ ಯಾವುದು, ಲೋಗೋ ಕೆಲಸ ಜಾಸ್ತಿನಾ ಫೋಟೊ ಜಾಸ್ತಿನಾ, ಈ ಮೂರನ್ನು ಕಾಮೆಂಟ್‌ನಲ್ಲಿ ಹಾಕಿ. ನನ್ನ ಟೆಸ್ಟ್ ಹಾಳೆಯಲ್ಲಿ ಯಾವ ಅಕ್ಷರ ಎಷ್ಟು ಅಳತೆಯಲ್ಲಿದೆ, ಎಷ್ಟು ಚೋಕ್‌ನಿಂದ ಶುರು ಮಾಡಬೇಕು ಅನ್ನೋದನ್ನು ಬರೀತೀನಿ.